ನಾಲ್ವಡಿ ಕೃಷ್ಣರಾಜ ಒಡೆಯರ್ (1884–1940): ಆರೋಗ್ಯ ಸೇವೆಗಳ ಪೋಷಕ ದೊರೆ ಹಾಗೂ ಅವರ ಅಂತಿಮ ಕಾಯಿಲೆ

ಮೈಸೂರು ಸಂಸ್ಥಾನದ ಇಪ್ಪತ್ತನಾಲ್ಕನೆಯ ಅರಸರಾದ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1940ರ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಹೃದಯಾಘಾತದಿಂದ ನಿಧನ ಹೊಂದಿದರು. ಆಗ ಅವರಿಗೆ 56 ವರ್ಷ ವಯಸ್ಸು. ಪೂರ್ಣ ರಾಜ್ಯಾಧಿಕಾರವನ್ನು ವಹಿಸಿಕೊಂಡು 38 ವರ್ಷಗಳು ತುಂಬಲು ಇನ್ನು ಐದೇ ದಿನಗಳು ಉಳಿದಿದ್ದವು. ಕನ್ನಂಬಾಡಿ ಅಣೆಕಟ್ಟು, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿ ಕಬ್ಬಿಣದ ಕಾರ್ಖಾನೆ ಮುಂತಾದ ಕಾರ್ಯಗಳಿಂದ ಅವರ ಹೆಸರು ನಾಡಿನ ಎಲ್ಲರಿಗೂ ಪರಿಚಿತವಾಗಿದೆ. ಆಸ್ಪತ್ರೆ, ವೈದ್ಯಶಿಕ್ಷಣ ಮತ್ತು ಸಾರ್ವಜನಿಕ ಆರೋಗ್ಯ ಕ್ಷೇತ್ರಗಳಲ್ಲಿ ಅವರ ಕಾಲದಲ್ಲಿ ಆದ ಕೆಲಸ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಪ್ರಾಣವನ್ನು ತೆಗೆದ ಕಾಯಿಲೆಯ ಸ್ವರೂಪವೂ ಸಾರ್ವಜನಿಕರು ತಿಳಿದಿರಬೇಕಾದ ವಿಷಯವೇ ಆಗಿರುವುದರಿಂದ, ಅವರ ಜೀವನ ವೃತ್ತಾಂತವನ್ನು ಈ ದೃಷ್ಟಿಯಿಂದ ಇಲ್ಲಿ ನಿರೂಪಿಸಲಾಗಿದೆ.

ಜನನ ಮತ್ತು ಬಾಲ್ಯ

ಶ್ರೀಯವರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಶ್ರೀ ಚಾಮರಾಜೇಂದ್ರ ಒಡೆಯರ್ ಅವರು ಕಲ್ಕತ್ತೆಗೆ ಹೋಗಿದ್ದಾಗ ಗಂಟಲುಮಾರಿ ರೋಗಕ್ಕೆ, ಅಂದರೆ ಡಿಫ್ತೀರಿಯಾಕ್ಕೆ ತುತ್ತಾಗಿ 1894ರ ಡಿಸೆಂಬರ್ 28ರಂದು ಅಲ್ಲಿಯೇ ಕಾಲವಾದರು. ಹಿರಿಯ ಮಗನಿಗೆ ಆಗ ಹತ್ತು ವರ್ಷ. ಬಾಲಕನಿಗೆ 1895ರ ಫೆಬ್ರವರಿಯಲ್ಲಿ ಪಟ್ಟಾಭಿಷೇಕವಾಯಿತು. ರಾಜ್ಯಭಾರವನ್ನು ತಾಯಿ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಶ್ರೀ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ವಹಿಸಿಕೊಂಡು 1902ರವರೆಗೆ ನಡೆಸಿದರು.

ರೀಜೆಂಟರ ಆ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಬೀದಿಗಳಿಂದ ಜನರನ್ನು ಹೊರತಂದು ಗಾಳಿ ಬೆಳಕುಳ್ಳ ಸ್ಥಳಗಳಲ್ಲಿ ನೆಲೆಗೊಳಿಸುವ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. 1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ಲಾರ್ಡ್ ಕರ್ಜನ್ ಅವರಿಂದ ಉದ್ಘಾಟನೆಗೊಂಡಿತು. ಬಾಲ ಮಹಾರಾಜರು ರಾಜನೀತಿಯನ್ನು ಕಲಿತದ್ದು ಇಂತಹ ವಾತಾವರಣದಲ್ಲಿ. ಸಾಂಕ್ರಾಮಿಕ ರೋಗವೆಂಬುದು ಮನೆಯೊಳಗೂ ರಾಜ್ಯದೊಳಗೂ ಏನು ಮಾಡಬಲ್ಲದೆಂಬುದನ್ನು ಅವರು ಎಳವೆಯಲ್ಲಿಯೇ ಕಂಡಿದ್ದರು.

1900ರ ಜೂನ್ 6ರಂದು ಕಾಠಿಯಾವಾಡದ ವಾಣಾ ಸಂಸ್ಥಾನದ ಪ್ರತಾಪಕುಮಾರಿಯವರೊಂದಿಗೆ ಅವರ ವಿವಾಹ ನೆರವೇರಿತು. 1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರಿಗೆ ಪೂರ್ಣಾಧಿಕಾರವನ್ನು ಹಸ್ತಾಂತರಿಸಲಾಯಿತು.

ಆಳ್ವಿಕೆಯ ಕಾಲದ ಆರೋಗ್ಯ ಸಂಸ್ಥೆಗಳು

ಅದೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪಗಳು ಬಂದವು. ನ್ಯಾಯವಿಧಾಯಕ ಸಭೆ (1907), ಮೈಸೂರು ಬ್ಯಾಂಕು (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಇವೆಲ್ಲ ಅವರ ಕಾಲದವು. ಇವುಗಳ ವಿವರ ಅನ್ಯತ್ರ ವಿಪುಲವಾಗಿ ಲಭ್ಯವಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಆರೋಗ್ಯಕ್ಕೆ ಸಂಬಂಧಿಸಿದಂತೆ ಗಮನಿಸಬೇಕಾದ ಅಂಶವೆಂದರೆ, ಆ ಕಾಲದಲ್ಲಿ ಜನರನ್ನು ಕಾಡುತ್ತಿದ್ದ ರೋಗಗಳಿಗೆ ಒಂದೊಂದಾಗಿ ಪ್ರತ್ಯೇಕ ವ್ಯವಸ್ಥೆಯನ್ನು ಕಟ್ಟುತ್ತಾ ಹೋದ ಕ್ರಮ. ಕಣ್ಣಿನ ಕಾಯಿಲೆಗಳಿಗೆ ಮಿಂಟೋ ಆಸ್ಪತ್ರೆಯ ಕಟ್ಟಡವು 1913ರಲ್ಲಿ ಸಿದ್ಧವಾಯಿತು. ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರನ್ನು ಬದಲಾಯಿಸಲಾಯಿತು. ಹೆಸರಿನ ಬದಲಾವಣೆ ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಒಳಗಿರುವವರು ರೋಗಿಗಳೆಂದು ಸರ್ಕಾರವು ಒಪ್ಪಿಕೊಂಡದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ ಸರಿ. ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು 1930ರಲ್ಲಿ ಮೈಸೂರಿಗೆ ವರ್ಗಾವಣೆಯಾಯಿತು. 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಆರೋಗ್ಯ ಇಲಾಖೆಯು ಪ್ರತ್ಯೇಕವಾಗಿ ರೂಪುಗೊಂಡಿತು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶ ಹೊರಟಿತು. ಆಗ ಜಗತ್ತಿನ ಹೆಚ್ಚಿನ ಸರ್ಕಾರಗಳು ಇದಕ್ಕೆ ಸುಲಭವಾಗಿ ಕೈಹಾಕುತ್ತಿರಲಿಲ್ಲ. ತಾಯಿಯವರ ಹೆಸರಿನ ವಾಣಿವಿಲಾಸ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯು ಬೆಂಗಳೂರಿನಲ್ಲಿ 1935ರಲ್ಲಿ ಪ್ರಾರಂಭವಾಯಿತು.

ಇವುಗಳ ಪೈಕಿ ಒಂದು ಸಂಸ್ಥೆಯ ಹಿಂದೆ ಮನೆಯ ದುಃಖವೇ ಇದೆ. ಮಹಾರಾಜರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯರೋಗಕ್ಕೆ ತುತ್ತಾದರು. ಅವರ ಸ್ಮರಣಾರ್ಥವಾಗಿ 1921ರಲ್ಲಿ ಮೈಸೂರಿನ ಹೊರವಲಯದಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ಸ್ಥಾಪಿಸಲಾಯಿತು. ಜನರು ಇಂದಿಗೂ ಅದನ್ನು ಪಿ.ಕೆ.ಟಿ.ಬಿ. ಆಸ್ಪತ್ರೆಯೆಂದೇ ಕರೆಯುತ್ತಾರೆ. ಕ್ಷಯಕ್ಕೆ ಔಷಧವೇ ಇಲ್ಲದಿದ್ದ ಕಾಲವದು. ಶುದ್ಧ ಗಾಳಿ, ಬಿಸಿಲು, ಪೌಷ್ಟಿಕ ಆಹಾರ, ವಿಶ್ರಾಂತಿ ಇವಿಷ್ಟೇ ಚಿಕಿತ್ಸೆ. ರೋಗವನ್ನು ಗುಣಪಡಿಸಲು ಸಾಧ್ಯವಿಲ್ಲದಿದ್ದರೂ ರೋಗಿಗೆ ಒಂದು ನೆಲೆಯನ್ನು ಒದಗಿಸುವುದು ರಾಜ್ಯದ ಹೊಣೆಯೆಂದು ಈ ಆರೋಗ್ಯಧಾಮವನ್ನು ಕಟ್ಟಿದವರು ಭಾವಿಸಿದ್ದರು.

ಬೆಂಗಳೂರಿನ ಉತ್ತರ ಭಾಗಕ್ಕೆ ಸಂದ ಕೊಡುಗೆ

ಬೆಂಗಳೂರು ಅರಮನೆಯನ್ನು 1873ರಲ್ಲಿ ಗ್ಯಾರೆಟ್ ಪಾದ್ರಿಯವರಿಂದ ಬಾಲಕ ಚಾಮರಾಜೇಂದ್ರರಿಗಾಗಿ ಖರೀದಿಸಲಾಗಿತ್ತು. ಅರಮನೆಯ ಮೈದಾನವನ್ನು ದಾಟಿ ಉತ್ತರಕ್ಕೆ ಹೊರಟರೆ ಇಂದು ಮೇಖ್ರಿ ವೃತ್ತ, ಆರ್.ಟಿ. ನಗರ, ಹೆಬ್ಬಾಳ, ಮುಂದೆ ಯಲಹಂಕ ಸಿಗುತ್ತವೆ. ನಾಲ್ವಡಿಯವರ ಕಾಲದಲ್ಲಿ ಈ ದಾರಿಯ ಇಕ್ಕೆಲಗಳಲ್ಲಿ ಹೊಲ, ತೋಪು, ಕೆರೆಗಳೇ ಹೆಚ್ಚಾಗಿದ್ದವು. ಈ ಬಯಲಿನಲ್ಲಿ ಮೂರು ನಾಲ್ಕು ವಿಜ್ಞಾನ ಸಂಸ್ಥೆಗಳು ನೆಲೆಗೊಂಡದ್ದು ಅವರ ಮನೆತನದ ಮತ್ತು ಅವರ ಸರ್ಕಾರದ ಕಾರಣದಿಂದ.

ಯಶವಂತಪುರದ ಮಗ್ಗುಲಲ್ಲಿ ಜೆಮ್‌ಶೆಟ್‌ಜಿ ತಾತಾ ಅವರ ಕಲ್ಪನೆಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನವು 371 ಎಕರೆ ಜಮೀನನ್ನೂ, ಕಟ್ಟಡಕ್ಕಾಗಿ 5 ಲಕ್ಷ ರೂಪಾಯಿಗಳನ್ನೂ, ಪ್ರತಿ ವರ್ಷ 50,000 ರೂಪಾಯಿಗಳ ಅನುದಾನವನ್ನೂ ನೀಡಿತು. 1911ರಲ್ಲಿ ಮಹಾರಾಜರೇ ಶಂಕುಸ್ಥಾಪನೆ ಮಾಡಿದರು. ಒಂದೇ ಬಾರಿ ಹಣ ಕೊಟ್ಟು ಕೈತೊಳೆದುಕೊಳ್ಳದೆ ಆವರ್ತಕ ವೆಚ್ಚವನ್ನೂ ಹೊತ್ತುಕೊಂಡದ್ದು ಲೆಕ್ಕಪತ್ರ ಬಲ್ಲವರ ಗಮನಕ್ಕೆ ಬಾರದೇ ಇರದು. ಹೆಬ್ಬಾಳದಲ್ಲಿ ರೀಜೆಂಟರು 1899ರಲ್ಲಿ ಜರ್ಮನ್ ವಿಜ್ಞಾನಿ ಲೆಹ್ಮನ್ ಅವರ ಪ್ರಯೋಗಗಳಿಗಾಗಿ ಕೊಟ್ಟ 30 ಎಕರೆಯಲ್ಲಿ ಕೃಷಿ ಸಂಶೋಧನೆ ಆರಂಭವಾಗಿತ್ತು. 1913ರಲ್ಲಿ ಅಲ್ಲಿ ಕೃಷಿ ಶಾಲೆ ತೆರೆಯಿತು. 1925ರಲ್ಲಿ ದನಗಳ ದೊಡ್ಡರೋಗವೇ ಮುಂತಾದವುಗಳಿಗೆ ಲಸಿಕೆ ಮತ್ತು ಸೀರಂ ತಯಾರಿಸುವ ಮೈಸೂರು ಸೀರಂ ಸಂಸ್ಥೆಯೂ ಹೆಬ್ಬಾಳದಲ್ಲಿಯೇ ಸ್ಥಾಪನೆಯಾಯಿತು. ಸರ್ ಸಿ.ವಿ. ರಾಮನ್ ಅವರು 1934ರಲ್ಲಿ ವಿಜ್ಞಾನ ಅಕಾಡೆಮಿಯನ್ನು ಆರಂಭಿಸಿದಾಗ ಅದಕ್ಕೂ ಈ ಭಾಗದಲ್ಲಿಯೇ ಸಂಸ್ಥಾನದಿಂದ ಜಮೀನು ದೊರೆಯಿತು.

ಇದೇ ಯಲಹಂಕದ ದಾರಿಯಾಗಿ ಮುಂದೆ ನಂದಿಬೆಟ್ಟ. 1927ರ ಮಾರ್ಚಿಯಲ್ಲಿ ಪ್ರವಾಸದ ದಣಿವಿನಿಂದಲೂ ರಕ್ತದೊತ್ತಡದಿಂದಲೂ ಕುಸಿದ ಮಹಾತ್ಮ ಗಾಂಧೀಜಿಯವರು ಅಲ್ಲಿ, ನಂತರ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಸಂಸ್ಥಾನದ ಅತಿಥಿಗಳಾಗಿ ತಂಗಿ ಚೇತರಿಸಿಕೊಂಡರು. ರಕ್ತದೊತ್ತಡವನ್ನು ಅಳೆಯುವ ಉಪಕರಣ ಆಗಲೇ ವೈದ್ಯರ ಕೈಯಲ್ಲಿತ್ತು. ಅದನ್ನು ಇಳಿಸುವ ಮಾತ್ರೆ ಮಾತ್ರ ಇರಲಿಲ್ಲ. ಅಂಥ ಔಷಧಗಳು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ತಂಪು ಹವೆ ಮತ್ತು ವಿಶ್ರಾಂತಿಯೇ ಅಂದಿನ ಔಷಧ.

ವೈಯಕ್ತಿಕ ಜೀವನ

ನಾಲ್ವಡಿಯವರದು ಕಟ್ಟುನಿಟ್ಟಿನ ದಿನಚರಿ. ಪೂಜೆ, ಓದು, ಆಡಳಿತದ ಕಡತಗಳು, ಕುದುರೆ ಸವಾರಿ ಇವು ಅದರ ಭಾಗಗಳು. ಪೋಲೋ ಮತ್ತು ಟೆನಿಸ್ ಆಟಗಳಲ್ಲಿ ಅವರಿಗೆ ಒಳ್ಳೆಯ ಪರಿಣತಿಯಿತ್ತು. ವೀಣೆ, ಪಿಟೀಲು, ಕೊಳಲು, ನಾಗಸ್ವರ, ಪಿಯಾನೊ ಹೀಗೆ ಹಲವು ವಾದ್ಯಗಳನ್ನು ಅವರು ನುಡಿಸಬಲ್ಲವರಾಗಿದ್ದರು. 1931ರಲ್ಲಿ, 47ನೆಯ ವಯಸ್ಸಿನಲ್ಲಿ, ಹಿಮಾಲಯದ ದುರ್ಗಮ ಹಾದಿಯಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆಯನ್ನು ಪೂರೈಸಿದರು. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿ ಹೃದಯದ ಮೇಲೆ ಬೀಳುವ ಹೊರೆ ಸಾಮಾನ್ಯವಾದುದಲ್ಲ. ಹೊರನೋಟಕ್ಕೆ ಆರೋಗ್ಯವಂತರಾಗಿ ಕಾಣುವವರಲ್ಲಿಯೂ ಹೃದಯದ ರಕ್ತನಾಳಗಳು ಹತ್ತಿಪ್ಪತ್ತು ವರ್ಷಗಳ ಕಾಲ ಯಾವ ಸೂಚನೆಯನ್ನೂ ನೀಡದೆ ಕಿರಿದಾಗುತ್ತಾ ಹೋಗಬಹುದೆಂಬುದು ಇಂದು ವೈದ್ಯಶಾಸ್ತ್ರಕ್ಕೆ ತಿಳಿದಿದೆ.

ಮಹಾರಾಜರಿಗೆ ಮಕ್ಕಳಿರಲಿಲ್ಲ. ತಾಯಿ ವಾಣಿವಿಲಾಸ ಸನ್ನಿಧಾನದವರು 1934ರಲ್ಲಿ ತೀರಿಕೊಂಡರು. ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರು 1940ರ ಮಾರ್ಚ್ 11ರಂದು ಮುಂಬಯಿಯಲ್ಲಿ ನಿಧನರಾದರು. ಇದಾದ ಐದು ತಿಂಗಳೊಳಗೆ ಅಣ್ಣನೂ ಅಗಲಿದರು. ತಮ್ಮನ ಸಾವಿನ ಕೊರಗಿನಿಂದಲೇ ಮಹಾರಾಜರ ಹೃದಯ ನಿಂತಿತೆಂದು ಭಾವಿಸುವುದು ಸಹಜ. ಆಪ್ತರ ಮರಣದ ನಂತರ ಹೃದಯಾಘಾತದ ಸಂಭವ ಹೆಚ್ಚುತ್ತದೆಂಬುದು ನಿಜವೇ ಆದರೂ ಆ ಸಂಭವವು ಮೊದಲ ಕೆಲವು ದಿನಗಳಲ್ಲಿ ಅತಿ ಹೆಚ್ಚಾಗಿದ್ದು ಕ್ರಮೇಣ ಇಳಿಯುತ್ತದೆ. ಸುಮಾರು ಐದು ತಿಂಗಳ ಅಂತರದ ಎರಡು ಸಾವುಗಳನ್ನು ಒಂದಕ್ಕೊಂದು ಕಾರಣವೆಂದು ಜೋಡಿಸಲು ಇಷ್ಟು ಮಾತ್ರದ ಆಧಾರ ಸಾಲದು.

ಕಾಯಿಲೆಯ ಸ್ವರೂಪ

ದೇಹದ ಯಾವುದೇ ಭಾಗಕ್ಕೆ ಹೋಗುವ ರಕ್ತ ತಡೆಯಲ್ಪಟ್ಟು, ಆಮ್ಲಜನಕವಿಲ್ಲದೆ ಆ ಭಾಗದ ಅಂಗಾಂಶವು ಸಾಯುವುದನ್ನು ವೈದ್ಯರು ಇನ್‌ಫಾರ್ಕ್ಷನ್ ಎಂದು ಕರೆಯುತ್ತಾರೆ. ತುಂಬಿಸು, ತುರುಕು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ರಕ್ತವೇ ತಲುಪದ ಸ್ಥಿತಿಗೆ ತುಂಬಿದ್ದು ಎಂಬ ಹೆಸರೇಕೆಂದು ಕೇಳಬಹುದು. ಶ್ವಾಸಕೋಶದಂತಹ ಕೆಲವು ಅಂಗಗಳಲ್ಲಿ ಸತ್ತ ಭಾಗಕ್ಕೆ ಅಕ್ಕಪಕ್ಕದಿಂದ ರಕ್ತ ಸೋರಿ, ಅದು ರಕ್ತ ತುರುಕಿದಂತೆ ಊದಿಕೊಂಡು ಕಾಣುತ್ತದೆ. ಹಳೆಯ ವೈದ್ಯರು ಕಣ್ಣಿಗೆ ಕಂಡದ್ದಕ್ಕೆ ಹೆಸರಿಟ್ಟರು. ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ರುಡಾಲ್ಫ್ ವಿರ್ಚೋ ಅವರು ರಕ್ತ ಹೆಪ್ಪುಗಟ್ಟುವುದಕ್ಕೂ, ಆ ಹೆಪ್ಪು ಹರಿದುಹೋಗಿ ಬೇರೆಡೆ ಸಿಕ್ಕಿಕೊಳ್ಳುವುದಕ್ಕೂ, ಅಂಗಾಂಶದ ಸಾವಿಗೂ ಇರುವ ಸಂಬಂಧವನ್ನು ವಿವರಿಸಿದರು. ಇದು ಮಿದುಳಿನಲ್ಲಿ ಆದರೆ ಪಾರ್ಶ್ವವಾಯು. ಮೂತ್ರಪಿಂಡ, ಗುಲ್ಮ, ಕರುಳುಗಳಲ್ಲಿಯೂ ಆಗುವುದುಂಟು. ಹೃದಯದ ಸ್ನಾಯುವಿನಲ್ಲಿ ಆದಾಗ ಜನಸಾಮಾನ್ಯರು ಅದನ್ನು ಹೃದಯಾಘಾತವೆನ್ನುತ್ತಾರೆ.

ಹೃದಯವು ದೇಹಕ್ಕೆಲ್ಲ ರಕ್ತವನ್ನು ಒತ್ತುವ ಅಂಗವಾದರೂ ತನ್ನ ಗೂಡುಗಳಲ್ಲಿ ತುಂಬಿರುವ ಆ ರಕ್ತದಿಂದ ತಾನು ಬದುಕಲಾರದು. ಅದರ ಸ್ನಾಯುವಿಗೆ ರಕ್ತ ಬರುವುದು ಹೊರಮೈಯಲ್ಲಿ ಹಬ್ಬಿರುವ, ಕೊರೊನರಿಗಳೆಂದು ಕರೆಯಲಾಗುವ ಕಿರಿದಾದ ಪರಿಧಮನಿಗಳಿಂದ. ಇವುಗಳ ಒಳಗೋಡೆಯಲ್ಲಿ ವರ್ಷಗಳಿಂದ ಕೂಡಿದ ಕೊಬ್ಬಿನ ದಡ್ಡು ಒಂದು ದಿನ ಬಿರಿಯುತ್ತದೆ. ಗಾಯವಾಯಿತೆಂದು ಭಾವಿಸಿದ ದೇಹವು ಅಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಕೈ ಕೊಯ್ದುಕೊಂಡಾಗ ಪ್ರಾಣವುಳಿಸುವ ಆ ಕ್ರಿಯೆಯೇ ಇಲ್ಲಿ ನಾಳವನ್ನು ಮುಚ್ಚುತ್ತದೆ. ರಕ್ತ ಪೂರ್ತಿ ನಿಂತ ಸುಮಾರು 20 ನಿಮಿಷಗಳಲ್ಲಿ ಸ್ನಾಯುವಿನ ಜೀವಕೋಶಗಳು ಸಾಯಲಾರಂಭಿಸುತ್ತವೆ. ಸಾವು ಹೃದಯದ ಒಳಪದರದಿಂದ ಆರಂಭವಾಗಿ ಹೊರಪದರದತ್ತ ಗಂಟೆಗಳ ಕಾಲ ಹರಡುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ವಾರಗಳ ನಂತರ ಅಲ್ಲಿ ಕಲೆಗಟ್ಟಿದ ನಾರು ಉಳಿಯುತ್ತದೆ, ಅದು ಮಿಡಿಯಲಾರದು. ಇವೆಲ್ಲಕ್ಕೂ ಮೊದಲೇ ಹೃದಯದ ಬಡಿತದ ಲಯ ತಪ್ಪಿ ಕ್ಷಣಮಾತ್ರದಲ್ಲಿ ಮರಣ ಸಂಭವಿಸುವುದೂ ಉಂಟು.

1940ರ ವೈದ್ಯಶಾಸ್ತ್ರ

ಒಬ್ಬ ಮಹಾರಾಜರಿಗೆ ದೊರೆಯದ ಚಿಕಿತ್ಸೆ ಯಾವುದಿದ್ದೀತು ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ಆ ವರ್ಷ ಲಂಡನ್ನಿನಲ್ಲಿಯಾಗಲಿ ನ್ಯೂಯಾರ್ಕಿನಲ್ಲಿಯಾಗಲಿ ಮುಚ್ಚಿದ ಪರಿಧಮನಿಯನ್ನು ತೆರೆಯುವ ಚಿಕಿತ್ಸೆ ಯಾರಿಗೂ ಲಭ್ಯವಿರಲಿಲ್ಲ. ಪರಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದವರು ತಕ್ಷಣ ಸಾಯಲೇಬೇಕೆಂದಿಲ್ಲ, ಬದುಕಿರುವಾಗಲೇ ಈ ರೋಗವನ್ನು ಗುರುತಿಸಬಹುದು ಎಂದು ಶಿಕಾಗೋದ ಜೇಮ್ಸ್ ಹೆರಿಕ್ ಅವರು ಪ್ರತಿಪಾದಿಸಿದ್ದು 1912ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಮತ್ತೆ ಹಲವು ವರ್ಷ ಹಿಡಿಯಿತು. ಹೃದಯದ ವಿದ್ಯುತ್ ರೇಖೆಯನ್ನು ಬರೆಯುವ ಇ.ಸಿ.ಜಿ. ಯಂತ್ರವನ್ನು ಕಂಡುಹಿಡಿದ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು. ರೋಗವನ್ನು ಗುರುತಿಸುವುದು ಹೀಗೆ ಸಾಧ್ಯವಾಗಿತ್ತು, ತಡೆಯುವುದು ಆಗಿರಲಿಲ್ಲ. ನೋವಿಗೆ ಮಾರ್ಫೀನ್, ಉಸಿರಿಗೆ ಆಮ್ಲಜನಕ, ನಂತರ ನಾಲ್ಕಾರು ವಾರಗಳ ಕಾಲ ಹಾಸಿಗೆಯಿಂದ ಏಳದಂತೆ ಕಟ್ಟುನಿಟ್ಟಿನ ವಿಶ್ರಾಂತಿ ಇವೇ ಅಂದಿನ ಪದ್ಧತಿ. ದೀರ್ಘಕಾಲ ಅಲುಗಾಡದೆ ಮಲಗಿದವರ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆಯೆಂಬುದು ಸ್ಪಷ್ಟವಾಗಿ, ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವ ಕ್ರಮ ಬಂದದ್ದು 1950ರ ದಶಕದಲ್ಲಿ.

ಉಳಿದದ್ದೆಲ್ಲ ಮಹಾರಾಜರ ಕಾಲಾನಂತರದ್ದು. ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಔಷಧವನ್ನು ಹೃದಯಾಘಾತದ ರೋಗಿಗಳಿಗೆ ಮೊದಲು ಕೊಟ್ಟದ್ದು 1958ರಲ್ಲಿ. ಹೃದಯ ತೀವ್ರ ನಿಗಾ ಘಟಕಗಳು 1960ರ ದಶಕದ ಆರಂಭದಲ್ಲಿ ಬಂದವು. ಬೈಪಾಸ್ ಶಸ್ತ್ರಚಿಕಿತ್ಸೆ 1960ರ ದಶಕದ ಕೊನೆಯಲ್ಲಿ ರೂಢಿಗೆ ಬರಲಾರಂಭಿಸಿತು. ಬಲೂನಿನಿಂದ ಪರಿಧಮನಿಯನ್ನು ಹಿಗ್ಗಿಸುವ ಆಂಜಿಯೋಪ್ಲಾಸ್ಟಿಯನ್ನು ಮನುಷ್ಯರಲ್ಲಿ ಮೊದಲು ಯಶಸ್ವಿಯಾಗಿ ನಡೆಸಿದ್ದು 1977ರಲ್ಲಿ, ಜ್ಯೂರಿಚ್ ನಗರದಲ್ಲಿ. ಎಲ್ಲ ಮನೆಗಳಲ್ಲಿ ತಲೆನೋವಿಗೆಂದು ಇದ್ದ ಆಸ್ಪಿರಿನ್ ಮಾತ್ರೆಯೇ ಹೃದಯಾಘಾತದ ಮೊದಲ ಗಂಟೆಗಳಲ್ಲಿ ಪ್ರಾಣವುಳಿಸುತ್ತದೆಂಬುದು ದೊಡ್ಡ ಪ್ರಮಾಣದ ಅಧ್ಯಯನದಿಂದ ಖಚಿತವಾದದ್ದು 1988ರಲ್ಲಿ. ಆ ಮಾತ್ರೆ 1940ರಲ್ಲಿಯೂ ಔಷಧದಂಗಡಿಗಳಲ್ಲಿ ಇತ್ತು. ಅದರ ಈ ಗುಣ ಯಾರಿಗೂ ಗೊತ್ತಿರಲಿಲ್ಲ.

ಪ್ಲೇಗು, ಕಾಲರಾ, ಸಿಡುಬು, ಮಲೇರಿಯಾ, ಕ್ಷಯ ಇವುಗಳ ಎದುರು ಸಂಸ್ಥಾನವು ಸಿದ್ಧತೆ ಮಾಡಿಕೊಂಡಿತ್ತು. ಬಡವರನ್ನು ಹೆಚ್ಚಾಗಿ ಕೊಲ್ಲುತ್ತಿದ್ದ ರೋಗಗಳು ಅವು. ಆದ್ಯತೆ ಅವುಗಳಿಗೆ ಸಂದದ್ದು ಸರಿಯಾಗಿಯೇ ಇತ್ತು. ಹೃದಯದ ಕಾಯಿಲೆ ಉಳ್ಳವರಿಗೆ ಬರುವ ರೋಗವೆಂಬ ಗ್ರಹಿಕೆ ಬಹುಕಾಲ ಉಳಿದಿತ್ತು. ಇಂದು ಪರಿಸ್ಥಿತಿ ತಿರುಗಿದೆ. ಭಾರತದಲ್ಲಿ ಅತಿ ಹೆಚ್ಚು ಸಾವುಗಳಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳೇ ಕಾರಣವಾಗಿದ್ದು, ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲಿಯೇ, ಕೂಲಿಕಾರರು ಚಾಲಕರು ಎನ್ನದೆ ಎಲ್ಲರಲ್ಲಿಯೂ ಇವು ಕಾಣಿಸಿಕೊಳ್ಳುತ್ತಿವೆ. ಎದೆಯ ನಡುವೆ ಒತ್ತಿದಂತಹ ನೋವು 15–20 ನಿಮಿಷ ಮೀರಿ ಉಳಿದರೆ, ಎಡಗೈಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ ಅದನ್ನು ವಾಯುವೆಂದು ಭಾವಿಸಿ ಮನೆಯಲ್ಲಿ ಕಾಯುವುದು ಅಪಾಯಕರ. ಮಧುಮೇಹಿಗಳಲ್ಲಿ, ವಯೋವೃದ್ಧರಲ್ಲಿ ಮತ್ತು ಮಹಿಳೆಯರಲ್ಲಿ ನೋವು ಇಲ್ಲದೆ ಬರೀ ಉಬ್ಬಸ, ಸುಸ್ತು, ವಾಂತಿಯ ರೂಪದಲ್ಲಿಯೂ ಇದು ಬರಬಹುದು. 108 ಸಂಖ್ಯೆಗೆ ಕರೆ ಮಾಡಿ ಇ.ಸಿ.ಜಿ. ಸೌಲಭ್ಯವಿರುವ ಸಮೀಪದ ಆಸ್ಪತ್ರೆಗೆ ತಲುಪತಕ್ಕದ್ದು. ಮೇಲೆ ಹೇಳಿದಂತೆ ಸ್ನಾಯುವಿನ ಸಾವು ಒಮ್ಮೆಲೇ ಮುಗಿಯದೆ ಗಂಟೆಗಳ ಕಾಲ ಹರಡುವುದರಿಂದಲೇ ಈ ಅವಸರಕ್ಕೆ ಅರ್ಥವಿದೆ.

ಉತ್ತರಾಧಿಕಾರ ಮತ್ತು ನಂತರ

ಮಹಾರಾಜರ ನಿಧನಾನಂತರ ಯುವರಾಜರ ಪುತ್ರ ಶ್ರೀ ಜಯಚಾಮರಾಜ ಒಡೆಯರ್ ಅವರು 21ನೆಯ ವಯಸ್ಸಿನಲ್ಲಿ, 1940ರ ಸೆಪ್ಟೆಂಬರಿನಲ್ಲಿ, ಸಿಂಹಾಸನವನ್ನೇರಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರು ಮರುವರ್ಷ ಅಧಿಕಾರದಿಂದ ನಿವೃತ್ತರಾದರು.

ಹೃದ್ರೋಗಕ್ಕೆಂದೇ ಮೀಸಲಾದ ಸರ್ಕಾರಿ ಸಂಸ್ಥೆ ರಾಜ್ಯದಲ್ಲಿ ರೂಪುಗೊಳ್ಳಲು ಮತ್ತೆ ಕೆಲವು ದಶಕಗಳೇ ಬೇಕಾದವು. ರೀಜೆಂಟರ ಕಾಲದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭಗೊಂಡ ಜಯದೇವ ಹೃದ್ರೋಗ ಸಂಸ್ಥೆಯು ಮುಂದೆ ಬನ್ನೇರುಘಟ್ಟ ರಸ್ತೆಯ ಸ್ವಂತ ಕಟ್ಟಡಕ್ಕೆ ಬಂದಿತು. ಅದರ ಮೈಸೂರು ಶಾಖೆಯು ಮೊದಲು ಕೃಷ್ಣರಾಜೇಂದ್ರ ಆಸ್ಪತ್ರೆಯ ಆವರಣದಲ್ಲಿದ್ದು, 2018ರಲ್ಲಿ ಕೃಷ್ಣರಾಜಸಾಗರ ರಸ್ತೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಕ್ಷಯದಿಂದ ತೀರಿಕೊಂಡ ಸಹೋದರಿಯ ನೆನಪಿಗಾಗಿ 1921ರಲ್ಲಿ ಸ್ಥಾಪನೆಯಾದ ಆರೋಗ್ಯಧಾಮದ ಜಾಗದಲ್ಲಿಯೇ ಆ ಕಟ್ಟಡವಿದೆ.